ನನ್ನ ಬೆರಳು ಮಾಯಿತು, ತಂದೆಯ ಕಾಲು ಏಕೆ ಮಾಯುತ್ತಿಲ್ಲ?

ಪ್ರಶ್ನೆ: ತಂದೆಗೆ 64 ವರ್ಷ, ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷವಾಯಿತು. ಹೊಸ ಚಪ್ಪಲಿ ಕಚ್ಚಿ ಹೆಬ್ಬೆರಳ ಬುಡದಲ್ಲಿ ಆದ ಹುಣ್ಣು ಎರಡು ತಿಂಗಳಾದರೂ ವಾಸಿಯಾಗಿಲ್ಲ. ಅದೇ ವಾರ ಈಳಿಗೆಮಣೆಯಲ್ಲಿ ಕೊಯ್ದುಕೊಂಡ ನನ್ನ ಬೆರಳು ಎಂಟು ದಿನಕ್ಕೇ ಕೂಡಿಕೊಂಡಿತು. ‘ಜೀವಕೋಶಗಳ ನಡುವೆ ಸಂಕೇತ ಸರಿಯಾಗಿ ಹೋಗುತ್ತಿಲ್ಲ’ ಎಂದರು ವೈದ್ಯರು. ಹಾಗೆಂದರೇನು? ಅರಿಶಿನ ಹಚ್ಚಬಹುದೇ?
– ಓದುಗರು, ತಿಪಟೂರು

ಉತ್ತರ: ನಿಮ್ಮ ಬೆರಳಿನಿಂದಲೇ ಶುರು ಮಾಡೋಣ. ಈಳಿಗೆ ತಾಗಿದ ಕೆಲವೇ ಸೆಕೆಂಡುಗಳಲ್ಲಿ ಗಾಯದಂಚಿನ ಕೋಶಗಳಲ್ಲಿ ಕ್ಯಾಲ್ಸಿಯಂನ ಅಲೆಯೊಂದು ಎದ್ದು ಪಕ್ಕದ ಕೋಶಗಳಿಗೆ ಹರಡುತ್ತದೆ. ಅದು ಮೊದಲ ಕೂಗು. ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ಪಿಡಿಜಿಎಫ್‌ನಂತಹ ಪ್ರೋಟೀನುಗಳನ್ನು ಚೆಲ್ಲಿ ರಿಪೇರಿಯ ಕೋಶಗಳನ್ನು ಕರೆಯುತ್ತವೆ. ಕೆಲವು ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳು ಬಂದು ರೋಗಾಣುಗಳ ಮೇಲೆ ಬೀಳುತ್ತವೆ. ಅವುಗಳ ಹಿಂದೆಯೇ ಮ್ಯಾಕ್ರೋಫೇಜ್‌ಗಳು, ಅಂದರೆ ಕಸವನ್ನು ನುಂಗಿ ಹಾಕುವ ರಕ್ಷಕ ಕೋಶಗಳು, ಬರುತ್ತವೆ.

ಇಡೀ ಕಥೆ ತಿರುಗುವುದು ಈ ಮ್ಯಾಕ್ರೋಫೇಜ್‌ಗಳ ಮೇಲೆ. ಬಂದಾಗ ಅವು ಉರಿಯೂತ ಹೆಚ್ಚಿಸುವ ಸಂಕೇತಗಳನ್ನೇ ಹೊರಡಿಸುತ್ತವೆ. ಕೆಲಸ ಮುಗಿಸಿ ಸತ್ತ ನ್ಯೂಟ್ರೋಫಿಲ್‌ಗಳನ್ನು ನುಂಗಿದ ಮೇಲೆ ಅವುಗಳ ಸ್ವಭಾವವೇ ಬದಲಾಗುತ್ತದೆ. ‘ಕಾದಾಟ ಸಾಕು, ಇನ್ನು ಕಟ್ಟೋಣ’ ಎಂಬ ಸಂದೇಶ ಅವುಗಳಿಂದಲೇ ಹೊರಡುತ್ತದೆ. ಆಗ ಹೊಸ ರಕ್ತನಾಳಗಳು ಚಿಗುರುತ್ತವೆ, ಚರ್ಮಕ್ಕೆ ಬಲ ಕೊಡುವ ಕೊಲಾಜೆನ್ ಎಂಬ ನಾರಿನ ನೇಯ್ಗೆ ನಡೆಯುತ್ತದೆ, ಚರ್ಮದ ಕೋಶಗಳು ಹಕ್ಕಳೆಯ ಅಡಿಯಲ್ಲಿ ತೆವಳಿ ಬಂದು ಗಾಯ ಮುಚ್ಚುತ್ತವೆ. ಚರ್ಮದ ಕೋಶಗಳನ್ನು ಹೀಗೆ ಹೊರಡಿಸುವ ಇಜಿಎಫ್ ಎಂಬ ಪ್ರೋಟೀನನ್ನು ಸ್ಟ್ಯಾನ್ಲಿ ಕೋಹೆನ್ ಇಲಿಯ ಜೊಲ್ಲುಗ್ರಂಥಿಯಲ್ಲಿ ಕಂಡುಹಿಡಿದರು. 1986ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ದೊರೆಯಿತು.

ನಿಮ್ಮ ತಂದೆಯವರ ಹುಣ್ಣು ಈ ತಿರುವಿನ ಮುಂಚೆಯೇ ನಿಂತುಬಿಟ್ಟಿದೆ. ಅಧಿಕ ಸಕ್ಕರೆಯಿಂದಾಗಿ ಮ್ಯಾಕ್ರೋಫೇಜ್‌ಗಳು ಕಾದಾಟದ ಸ್ಥಿತಿಯಿಂದ ಹೊರಬರುವುದಿಲ್ಲ. ಅಲ್ಲಿ ತುಂಬಿಕೊಂಡ ಕಿಣ್ವಗಳು ಹೊಸ ಕೊಲಾಜೆನ್ನನ್ನೂ ಸಂದೇಶ ಹೊತ್ತ ಪ್ರೋಟೀನುಗಳನ್ನೂ ಕತ್ತರಿಸಿ ಹಾಕುತ್ತವೆ. ಜೊತೆಗೆ ನರಗಳು ಜೋಮು ಹಿಡಿದಿರುವುದರಿಂದ ನೋವು ತಿಳಿಯದೆ ಅವರು ಅದೇ ಕಾಲಿನ ಮೇಲೆ ನಡೆಯುತ್ತಾರೆ. ಪ್ರತಿ ಹೆಜ್ಜೆಗೂ ಗಾಯ ಮತ್ತೆ ಮೊದಲ ದಿನಕ್ಕೆ ಮರಳುತ್ತದೆ.

ಹಾಗಾದರೆ ಸಂದೇಶ ಹೊತ್ತ ಪ್ರೋಟೀನನ್ನೇ ಹೊರಗಿನಿಂದ ಹಚ್ಚಬಾರದೇ? ಹಚ್ಚುತ್ತಾರೆ. ಪಿಡಿಜಿಎಫ್ ಜೆಲ್‌ಗೆ ಅಮೆರಿಕದಲ್ಲಿ 1997ರಲ್ಲೇ ಒಪ್ಪಿಗೆ ಸಿಕ್ಕಿತು. ಆದರೆ ಕತ್ತರಿ ಆಡುತ್ತಿರುವ ಕಡೆಗೆ ಎಷ್ಟು ಪತ್ರ ಕಳಿಸಿದರೇನು? ಅದಕ್ಕೇ ನಾನು ಜೆಲ್‌ಗಿಂತ ಮೊದಲು ಕೇಳುವುದು ಮೂರು ವಿಷಯ: ಸತ್ತ ಅಂಗಾಂಶವನ್ನು ಕೆರೆದು ತೆಗೆಸಿದಿರಾ, ಪಾದಕ್ಕೆ ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ನೋಡಿಸಿದಿರಾ, ಆ ಜಾಗದ ಮೇಲೆ ಭಾರ ಬೀಳದಂತೆ ಪ್ಲಾಸ್ಟರ್ ಕಟ್ಟು ಅಥವಾ ವಿಶೇಷ ಪಾದರಕ್ಷೆ ಹಾಕಿಸಿದಿರಾ? ಸಕ್ಕರೆ ಹತೋಟಿಯಲ್ಲಿರಬೇಕು ಎಂಬುದನ್ನು ನಿಮ್ಮ ವೈದ್ಯರು ಹೇಳಿಯೇ ಇರುತ್ತಾರೆ.

ಅರಿಶಿನ ಬೇಡ. ಅಡುಗೆಮನೆಯ ಪುಡಿ ರೋಗಾಣುಮುಕ್ತವಲ್ಲ. ಹಳದಿ ಬಣ್ಣದಡಿ ಕೀವು ಯಾವುದು, ಹೊಸ ಮಾಂಸ ಯಾವುದು ಎಂದು ಗೊತ್ತಾಗುವುದಿಲ್ಲ. ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡನ್ನು ದಿನವೂ ಸುರಿಯುವುದೂ ಬೇಡ. ಜೀಬ್ರಾಮೀನಿನ ಮರಿಗಳಲ್ಲಿ ಗಾಯಗೊಂಡ ಅಂಚು ತಾನೇ ಎಳ್ಳಷ್ಟು ಪೆರಾಕ್ಸೈಡ್ ತಯಾರಿಸಿ ಬಿಳಿರಕ್ತಕಣಗಳನ್ನು ಕರೆಯುವುದನ್ನು 2009ರಲ್ಲಿ ವಿಜ್ಞಾನಿಗಳು ಕಂಡರು. ಬಾಟಲಿಯಲ್ಲಿರುವ ಪ್ರಮಾಣವಾದರೋ ರಿಪೇರಿಗೆ ಬಂದ ಕೋಶಗಳನ್ನೇ ಕೊಲ್ಲುತ್ತದೆ. ‘ಗಾಳಿಗೆ ಬಿಟ್ಟು ಒಣಗಿಸಿ’ ಎಂಬ ಸಲಹೆಯನ್ನೂ ಬಿಡಿ. ಹಂದಿಗಳ ಮೇಲ್ಪದರದ ಗಾಯಗಳು ಒಣಗಲು ಬಿಟ್ಟಾಗಿನದಕ್ಕಿಂತ ತೇವ ಉಳಿಸಿದಾಗ ಸುಮಾರು ಇಮ್ಮಡಿ ವೇಗದಲ್ಲಿ ಮುಚ್ಚಿಕೊಂಡದ್ದನ್ನು ಜಾರ್ಜ್ ವಿಂಟರ್ 1962ರಲ್ಲೇ ತೋರಿಸಿದ್ದರು.

ಇವತ್ತೇ ಒಂದು ಕೆಲಸ ಮಾಡಿ. ತಂದೆಯವರಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ಒತ್ತದೆ ಒಂದೆರಡು ಸೆಕೆಂಡು ಮುಟ್ಟಿ. ಆರರಲ್ಲಿ ಎರಡು ಸ್ಪರ್ಶ ಅವರಿಗೆ ತಿಳಿಯದೇ ಹೋದರೂ ವೈದ್ಯರಿಗೆ ಹೇಳಿ. ಹುಣ್ಣಿನ ಸುತ್ತ ಕೆಂಪು ಹರಡಿದರೆ, ವಾಸನೆ ಬಂದರೆ, ಬೆರಳು ಕಪ್ಪಾದರೆ ಅಥವಾ ಜ್ವರ ಬಂದರೆ ಮರುದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.