ಟಿಂಡರ್, ಬಂಬಲ್, ಹಿಂಜ್: ನಿಮಗೆ ಯಾವುದು?

ಈ ಮೂರು ಡೇಟಿಂಗ್ ಆ್ಯಪ್‌ಗಳಲ್ಲಿ ಯಾವುದಕ್ಕೆ ದುಡ್ಡು ಕಟ್ಟಲಿ ಅಂತ ಕೇಳಿದ್ದೀರಿ. ಗಟ್ಟಿ ಸಂಬಂಧ ಬೇಕು, ಆದರೆ ಮಾತು ಶುರು ಮಾಡೋಕೆ ಸಂಕೋಚ ಅಂತಲೂ ಬರೆದಿದ್ದೀರಿ. ಸದ್ಯಕ್ಕೆ ಯಾವುದಕ್ಕೂ ಕಟ್ಟಬೇಡಿ.

ನಿಮಗೆ ಹಿಂಜ್ ಹೊಂದುತ್ತದೆ ಅಂತ ನನಗನಿಸುತ್ತದೆ. ಅಲ್ಲಿ ಫೋಟೋಗಳ ಜೊತೆ ಸಣ್ಣ ಪ್ರಶ್ನೆಗಳಿಗೆ ಬರೆದ ಉತ್ತರಗಳೂ ಇರುತ್ತವೆ. ಒಂದು ಫೋಟೋಗೋ ಒಂದು ಉತ್ತರಕ್ಕೋ ಲೈಕ್ ಕೊಟ್ಟು, ಅಲ್ಲೇ ಎರಡು ಮಾತು ಬರೆಯಬಹುದು. ಏನು ಮಾತಾಡಲಿ ಅನ್ನುವವರಿಗೆ ವಿಷಯ ಕಣ್ಣೆದುರೇ ಸಿಕ್ಕಂತೆ, ಅಲ್ವಾ? ಉಚಿತ ಖಾತೆಯಲ್ಲಿ ದಿನಕ್ಕೆ ಕೆಲವೇ ಲೈಕ್ ಸಿಗುತ್ತವೆ. ಅದೂ ಒಳ್ಳೆಯದೇ. ಸುಮ್ನೆ ಬೆರಳಾಡಿಸದೆ ಪ್ರೊಫೈಲ್ ಓದುತ್ತೀರಿ.

ಟಿಂಡರ್‌ನಲ್ಲಿ ಜನ ಜಾಸ್ತಿ, ಅವರ ಉದ್ದೇಶಗಳೂ ನೂರೆಂಟು. ಬಂಬಲ್ 2014ರಲ್ಲಿ ಶುರುವಾದದ್ದು ಹೆಣ್ಣೇ ಮೊದಲು ಮಾತಾಡಬೇಕು ಎಂಬ ನಿಯಮದಿಂದ. 2024ರಿಂದ ಆಕೆ ಮೊದಲೇ ಒಂದು ಪ್ರಶ್ನೆ ಇಟ್ಟಿರಬಹುದು, ಪರಸ್ಪರ ಮೆಚ್ಚಿ ಮ್ಯಾಚ್ ಆದವರು ಅದಕ್ಕೆ ಉತ್ತರಿಸಿ ಮಾತು ಶುರು ಮಾಡಬಹುದು. ಹಾಗಾಗಿ ಇದನ್ನು ಎರಡನೆಯದಾಗಿ ಇಟ್ಟುಕೊಳ್ಳಿ.

ದುಡ್ಡು ಕಟ್ಟಿದರೆ ಹೆಚ್ಚು ಲೈಕ್ ಕೊಡಬಹುದು, ಯಾರು ನಿಮ್ಮನ್ನು ಮೆಚ್ಚಿದ್ದಾರೆ ಅಂತ ನೋಡಬಹುದು. ಪ್ರೊಫೈಲ್ ಸಪ್ಪೆಯಾಗಿದ್ದರೆ ಅದರಿಂದ ಏನೂ ಬದಲಾಗದು. ಮೊದಲು ಉತ್ತರಗಳನ್ನು ಮನಸ್ಸಿಟ್ಟು ಬರೆಯಿರಿ. ಮತ್ತೆ, ಭೇಟಿಗೂ ಮೊದಲೇ ಯಾರಾದರೂ ಹಣ ಕೇಳಿದರೆ ಆ ಕ್ಷಣವೇ ಬ್ಲಾಕ್ ಮಾಡಿ ರಿಪೋರ್ಟ್ ಕೊಡಿ.