ಗೋಡೆ ಎಬ್ಬಿಸಿದರೆ ಶಾಲೆ ಚಿಕ್ಕದಾಗುವುದಿಲ್ಲ

ಪ್ರಿಯ ಮೇಷ್ಟ್ರೇ,

ನಿಮ್ಮ ನಾಲ್ಕು ಪುಟದ ಪತ್ರ ತಲುಪಿತು. ನ್ಯೂಯಾರ್ಕ್ ನಗರ ತನ್ನ ದೊಡ್ಡ ಸರ್ಕಾರಿ ಹೈಸ್ಕೂಲುಗಳನ್ನು ಮುಚ್ಚಿ ಸಣ್ಣ ಸಣ್ಣ ಶಾಲೆಗಳನ್ನು ತೆರೆದ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಿದ್ದೆವು. ಅದನ್ನು ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಈ ಕೆಲಸಕ್ಕೆ ದುಡ್ಡು ಕೊಟ್ಟ ಬಿಲ್ ಗೇಟ್ಸ್ ಅವರೇ ಅಂದುಕೊಂಡ ಫಲ ಸಿಗಲಿಲ್ಲ ಎಂದು ಒಪ್ಪಿಕೊಂಡಿರುವಾಗ ನಾವು ಯಾಕೆ ಹೊಗಳಬೇಕು ಅನ್ನೋದು ಒಂದು. ನಿಮ್ಮ ಕರ್ನಾಟಕ ಪಬ್ಲಿಕ್ ಶಾಲೆಯಲ್ಲಿ 8ರಿಂದ 10ನೇ ತರಗತಿವರೆಗೇ 600 ಮಕ್ಕಳಿದ್ದಾರೆ, ಅವರಿಗೆ ಇದರಿಂದ ಏನು ಉಪಯೋಗ ಅನ್ನೋದು ಇನ್ನೊಂದು.

ಮೊದಲ ಪ್ರಶ್ನೆಯಲ್ಲಿ ನಿಮ್ಮ ಮಾತು ಸರಿ. ನಮ್ಮ ಲೇಖನದಲ್ಲಿ ಅದು ಬರಬೇಕಿತ್ತು, ಬರಲಿಲ್ಲ. ತಪ್ಪು ನಮ್ಮದು.

ಗೇಟ್ಸ್ ಪ್ರತಿಷ್ಠಾನ 2000ದಿಂದ ಸುಮಾರು ಒಂಬತ್ತು ವರ್ಷಗಳಲ್ಲಿ ಅಮೆರಿಕದ ಹೈಸ್ಕೂಲುಗಳಿಗೆ 200 ಕೋಟಿ ಡಾಲರ್‌ನಷ್ಟು ಹಣ ಕೊಟ್ಟಿತು. ಅದರಲ್ಲಿ ದೊಡ್ಡ ಪಾಲು ಸಣ್ಣ ಶಾಲೆಗಳಿಗೇ ಹೋಯಿತು. ಪ್ರತಿಷ್ಠಾನದ 2009ರ ವಾರ್ಷಿಕ ಪತ್ರದಲ್ಲಿ ಗೇಟ್ಸ್, ಇವುಗಳಲ್ಲಿ ಎಷ್ಟೋ ಶಾಲೆಗಳ ಮಕ್ಕಳ ಕಲಿಕೆ ಹೇಳಿಕೊಳ್ಳುವಷ್ಟು ಸುಧಾರಿಸಲಿಲ್ಲ ಎಂದು ಬರೆದರು. ಆದರೆ ಅಲ್ಲೇ ಇನ್ನೊಂದು ಮಾತೂ ಇದೆ. ಎಲ್ಲಿ ಫಲ ಸಿಗಲಿಲ್ಲವೋ ಅಲ್ಲಿ ಹೆಚ್ಚಿನ ಕಡೆ ಶಾಲೆಯ ಒಳಗಿನ ರೀತಿನೀತಿ ಬದಲಾಗಿರಲಿಲ್ಲ. ತನ್ನ ಶಿಕ್ಷಕರನ್ನು ತಾನೇ ಆರಿಸಿಕೊಳ್ಳುವ, ಪಾಠಕ್ರಮ ಬದಲಾಯಿಸುವ ಅಧಿಕಾರ ಮುಖ್ಯಶಿಕ್ಷಕರಿಗೆ ಸಿಕ್ಕಿರಲಿಲ್ಲ. ಈ ಎರಡನೇ ಮಾತನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಓದಿದರೆ ಪೂರ್ತಿ ಕಥೆ ಸಿಗುವುದಿಲ್ಲ.

ಡೆನ್ವರ್ ನಗರದ ಮ್ಯಾನ್ಯುಯಲ್ ಹೈಸ್ಕೂಲನ್ನೇ ನೋಡಿ. 2001ರಲ್ಲಿ ಅದನ್ನು ಮೂರು ಶಾಲೆಯಾಗಿ ಒಡೆದರು. ಕಟ್ಟಡ ಅದೇ, ಮಕ್ಕಳು ಅವರೇ. ಹೆಸರು ಮೂರಾಯಿತು, ಪ್ರಿನ್ಸಿಪಾಲರು ಮೂವರಾದರು. ಇರುವ ಸೌಕರ್ಯವನ್ನು ಮೂರು ಪಾಲು ಮಾಡಿದ್ದರಿಂದ ಮಕ್ಕಳು ಆರಿಸಿಕೊಳ್ಳಬಹುದಾದ ವಿಷಯಗಳು ಕಡಿಮೆಯಾದವು. ಬೇರೆ ದಾರಿ ಇದ್ದ ಮನೆಯವರು ಮಕ್ಕಳನ್ನು ಬೇರೆ ಕಡೆ ಸೇರಿಸಿದರು. 2006ರಲ್ಲಿ ಶಾಲೆಗೆ ಬೀಗ ಬಿತ್ತು. ಮುಂದಿನ ವರ್ಷ ಒಂದೇ ಶಾಲೆಯಾಗಿ ಮತ್ತೆ ತೆರೆಯಿತು.

ಈಗ ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್ ಭಾಗದಲ್ಲಿರುವ ಜೂಲಿಯಾ ರಿಚ್‌ಮನ್ ಹೈಸ್ಕೂಲು. ಅದೂ ತುಂಬಾ ಕೆಟ್ಟ ಹೆಸರು ತೆಗೆದುಕೊಂಡಿದ್ದ ದೊಡ್ಡ ಶಾಲೆಯೇ. 1990ರ ದಶಕದ ನಡುವೆ ಅಲ್ಲಿ ಹೊಸ ಮಕ್ಕಳನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿದರು. ಹಳಬರು ಓದು ಮುಗಿಸಿ ಹೋಗುವವರೆಗೆ ಕಾದರು. ಅಷ್ಟರಲ್ಲಿ ಹೊಸ ಶಾಲೆಗಳು ಬೇರೆ ಜಾಗದಲ್ಲಿ, ಕೆಲವೇ ಮಕ್ಕಳೊಂದಿಗೆ ಶುರುವಾಗಿ ತಮ್ಮ ಕಾಲ ಮೇಲೆ ನಿಂತಿದ್ದವು. ಆಮೇಲೆ ಆ ಕಟ್ಟಡಕ್ಕೆ ಬಂದವು. ಈಗ ಒಂದೇ ಸೂರಿನಡಿ ನಾಲ್ಕು ಹೈಸ್ಕೂಲುಗಳು, ಒಂದು ಚಿಕ್ಕ ಮಕ್ಕಳ ಶಾಲೆ, ಆಟಿಸಂ ಇರುವ ಮಕ್ಕಳ ಶಾಲೆ ಇವೆ. ಒಂದು ಹೈಸ್ಕೂಲಂತೂ ಹೊಸದಾಗಿ ವಲಸೆ ಬಂದು ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗಾಗಿಯೇ ಇದೆ. ಲೈಬ್ರರಿ, ಜಿಮ್, ನಾಟಕದ ಹಾಲ್ ಎಲ್ಲರಿಗೂ ಸೇರಿದ್ದು. ಎಲ್ಲ ಶಾಲೆಗಳ ಮುಖ್ಯಸ್ಥರು ಕೂತು ಕಟ್ಟಡದ ವಿಚಾರ ತೀರ್ಮಾನಿಸುತ್ತಾರೆ. ಹದಿನೆಂಟರ ಹುಡುಗರ ಕಾರಿಡಾರಿನಲ್ಲಿ ಐದು ವರ್ಷದ ಕೂಸು ನಡೆದು ಹೋದರೆ ದೊಡ್ಡವರ ನಡತೆ ತಾನಾಗಿ ಬದಲಾಗುತ್ತದೆ, ಅಲ್ವಾ? ಎಲ್‌ಕೆಜಿ ಮಕ್ಕಳನ್ನೂ ಪಿಯುಸಿ ಮಕ್ಕಳನ್ನೂ ಒಂದೇ ಆವರಣದಲ್ಲಿ ನೋಡುವ ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ಇನ್ನು ಅಂಕಿಗಳು. 2002ರ ನಂತರ ನ್ಯೂಯಾರ್ಕ್ ನಗರ ತೆರೆದ ಸಣ್ಣ ಹೈಸ್ಕೂಲುಗಳಲ್ಲಿ 123ನ್ನು ಆರಿಸಿಕೊಂಡು ಎಂಡಿಆರ್‌ಸಿ ಎಂಬ ಸಂಸ್ಥೆ ಅಧ್ಯಯನ ಮಾಡಿತು. ಒಂದೊಂದು ತರಗತಿಗೆ ಸುಮಾರು 100 ಮಕ್ಕಳು. ಸೀಟಿಗಿಂತ ಅರ್ಜಿ ಜಾಸ್ತಿ ಬಂದ ಕಡೆ ಚೀಟಿ ಎತ್ತಿದ ಹಾಗೆ ಸೀಟು ಹಂಚಲಾಗಿತ್ತು. ಹಾಗಾಗಿ ಸೀಟು ಸಿಕ್ಕವರನ್ನೂ ಸಿಗದವರನ್ನೂ ನ್ಯಾಯವಾಗಿ ಹೋಲಿಸಲು ಸಾಧ್ಯವಾಯಿತು. 2010ರ ವರದಿಯ ಪ್ರಕಾರ ನಾಲ್ಕು ವರ್ಷದಲ್ಲಿ ಹೈಸ್ಕೂಲು ಮುಗಿಸಿದವರು ಸಣ್ಣ ಶಾಲೆಗಳಲ್ಲಿ ಶೇ. 68.7, ಉಳಿದವರಲ್ಲಿ ಶೇ. 61.9. ಮುಂದಿನ ವರ್ಷಗಳಲ್ಲಿ ಈ ಅಂತರ ಇನ್ನೂ ಹೆಚ್ಚಿತು. ಈ ಮಕ್ಕಳಲ್ಲಿ ಹೆಚ್ಚಿನವರು ಬಡ ಕಪ್ಪು ಮತ್ತು ಲ್ಯಾಟಿನೋ ಕುಟುಂಬಗಳವರು. ನನಗೆ ಇದು ಸಣ್ಣ ವಿಷಯ ಅಲ್ಲ. ಮುಚ್ಚಿದ ಶಾಲೆಗಳ ಮಕ್ಕಳು ಅಕ್ಕಪಕ್ಕದ ದೊಡ್ಡ ಶಾಲೆಗಳಿಗೆ ತುಂಬಿಕೊಂಡು ಅಲ್ಲಿ ಕಷ್ಟವಾಯಿತು ಎಂಬ ದೂರೂ ಇತ್ತು. ಅದನ್ನೂ ಮರೆಯಬಾರದು.

ನೀವು ಗಣಿತದ ಮೇಷ್ಟ್ರು, ಒಂದು ಲೆಕ್ಕವನ್ನು ಖಂಡಿತ ಮೆಚ್ಚುತ್ತೀರಿ. ಎಸ್‌ಎಸ್‌ಎಲ್‌ಸಿಗೆ 12 ಮಕ್ಕಳು ಕೂತ ಶಾಲೆಯಲ್ಲಿ ಎಲ್ಲರೂ ಪಾಸಾದರೆ ಶೇ. 100. ಮೂವರು ಫೇಲಾದರೆ ಒಮ್ಮೆಗೇ ಶೇ. 75. 300 ಮಕ್ಕಳ ಶಾಲೆಯಲ್ಲಿ ಮೂವರು ಫೇಲಾದರೆ ಶೇ. 99. ಹಾಗಾಗಿ ಫಲಿತಾಂಶದ ಪಟ್ಟಿಯ ತುದಿಯಲ್ಲಿ ಸಣ್ಣ ಶಾಲೆಗಳೇ ಕಾಣುತ್ತವೆ, ಬುಡದಲ್ಲೂ ಅವೇ ಕಾಣುತ್ತವೆ. ಹೋವರ್ಡ್ ವೇನರ್ ಎಂಬ ಸಂಖ್ಯಾಶಾಸ್ತ್ರಜ್ಞರು ಪೆನ್ಸಿಲ್ವೇನಿಯಾದ ಶಾಲೆಗಳ ಅಂಕಿ ಇಟ್ಟುಕೊಂಡು ಇದನ್ನೇ ತೋರಿಸಿದರು. ಪಟ್ಟಿಯ ಮೇಲ್ತುದಿಯನ್ನಷ್ಟೇ ನೋಡಿ, ಚಿಕ್ಕದಾದರೆ ಸಾಕು ಎಂದು ನಂಬಿದವರು ಮೋಸಹೋದರು.

ಹಾಗಾದರೆ ನ್ಯೂಯಾರ್ಕ್‌ನಲ್ಲಿ ಕೆಲಸ ಮಾಡಿದ್ದು ಏನು? ಪ್ರತಿ ಮಗುವನ್ನೂ ಹತ್ತಿರದಿಂದ ಬಲ್ಲ ಒಬ್ಬ ದೊಡ್ಡವರು ಶಾಲೆಯೊಳಗಿದ್ದರು. ಒಬ್ಬೊಬ್ಬ ಶಿಕ್ಷಕರಿಗೆ ಹತ್ತು-ಹದಿನೈದು ಮಕ್ಕಳ ಗುಂಪು ವಹಿಸುತ್ತಿದ್ದರು. ಮಗು ಬರದಿದ್ದರೆ ಮನೆಗೆ ಫೋನ್ ಹೋಗುತ್ತಿತ್ತು. ಅದಕ್ಕಿಂತ ಮುಖ್ಯ, ಅದೇ ಮಕ್ಕಳಿಗೆ ಪಾಠ ಮಾಡುವ ಶಿಕ್ಷಕರು ಜೊತೆಗೆ ಕೂತು ಮಾತಾಡಲು ಟೈಮ್‌ಟೇಬಲ್‌ನಲ್ಲೇ ಹೊತ್ತಿತ್ತು. ನಾನು ಒಂಬತ್ತನೇ ಕ್ಲಾಸಿನಲ್ಲಿ ಜ್ವರ ಬಂದು ಮೂರು ವಾರ ಶಾಲೆಗೆ ಹೋಗಿರಲಿಲ್ಲ. ವಾಪಸ್ ಹೋದ ದಿನ ಯಾಕೆ ಬಂದಿರಲಿಲ್ಲ ಅಂತ ಒಬ್ಬರೂ ಕೇಳಲಿಲ್ಲ. ನಲವತ್ತು ವರ್ಷವಾದರೂ ಅದು ಮನಸ್ಸಿನಿಂದ ಹೋಗಿಲ್ಲ.

ಈಗ ನಿಮ್ಮ ಶಾಲೆಗೆ ಬರೋಣ. ನಾಲ್ಕು ಹೆಡ್‌ಮಾಸ್ಟರ್, ನಾಲ್ಕು ಆಫೀಸು ಅಂದರೆ ಖರ್ಚು ಯಾರು ಕೊಡುತ್ತಾರೆ ಎಂದು ಕೇಳಿದ್ದೀರಿ. ಯಾರೂ ಕೊಡುವುದಿಲ್ಲ, ಅದು ಬೇಕಾಗಿಯೂ ಇಲ್ಲ. ತರಗತಿಗೆ ನಾಲ್ಕು ವಿಭಾಗ, ವಿಭಾಗಕ್ಕೆ 50 ಮಕ್ಕಳು, ಪ್ರತಿ ವಿಷಯಕ್ಕೂ ಇಬ್ಬರು ಶಿಕ್ಷಕರು ಎಂದಿದ್ದೀರಿ. ಈಗ ಹತ್ತನೇ ತರಗತಿ ಪೂರ್ತಿ ಮತ್ತು ಒಂಬತ್ತರಲ್ಲಿ ಅರ್ಧ ನಿಮ್ಮದು. ಉಳಿದದ್ದು ಇನ್ನೊಬ್ಬರದು. ಹೀಗಾದಾಗ ಹತ್ತಕ್ಕೆ ಬರುವ 200 ಮಕ್ಕಳಲ್ಲಿ ಅರ್ಧದಷ್ಟು ಮಂದಿ ನಿಮಗೆ ಹೊಸಬರು. ಅವರನ್ನು ಗುರುತು ಹಿಡಿಯುವ ಹೊತ್ತಿಗೆ ಪರೀಕ್ಷೆ ಬಂದಿರುತ್ತದೆ. ಇದರ ಬದಲು ಶಿಕ್ಷಕರನ್ನು ಎರಡು ತಂಡ ಮಾಡಿ. ಒಂದೊಂದು ತಂಡ ಎರಡು ವಿಭಾಗದ ಮಕ್ಕಳನ್ನು ಎಂಟರಿಂದ ಹತ್ತರವರೆಗೆ ಕೈಬಿಡದೆ ನೋಡಿಕೊಳ್ಳಲಿ. ಆಗಲೂ ನಿಮ್ಮ ಪಾಲಿಗೆ 300 ಮಕ್ಕಳೇ. ಆದರೆ ಹೊಸ ಮುಖಗಳೆಲ್ಲ ಎಂಟನೇ ತರಗತಿಯಲ್ಲೇ ಇರುತ್ತವೆ, ಹತ್ತರ ಪ್ರತಿ ಮಗುವೂ ನಿಮಗೆ ಎರಡು ವರ್ಷದ ಪರಿಚಯ. ಕನ್ನಡ ಮೇಡಂ, ವಿಜ್ಞಾನದವರು, ನೀವು ಎಲ್ಲರೂ ಅದೇ 300 ಮಕ್ಕಳ ಬಗ್ಗೆ ಮಾತಾಡಬಹುದು.

ಒಂದು ವಿಷಯದಲ್ಲಿ ಮಾತ್ರ ನಿಮ್ಮ ಜೊತೆ ನನಗೆ ಒಪ್ಪಿಗೆ ಇಲ್ಲ. ಎ, ಬಿ ಇಂಗ್ಲಿಷ್ ಮಾಧ್ಯಮ, ಸಿ, ಡಿ ಕನ್ನಡ ಮಾಧ್ಯಮ. ಒಡೆಯುವುದಾದರೆ ಹಾಗೇ ಒಡೆಯುವುದು ಸುಲಭ ಎಂದು ಬರೆದಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಎರಡು ವರ್ಷದೊಳಗೆ ಒಂದು ಬುದ್ಧಿವಂತರ ಕಡೆ, ಇನ್ನೊಂದು ದಡ್ಡರ ಕಡೆ ಅನ್ನಿಸಿಕೊಳ್ಳುತ್ತದೆ. ಕೂಲಿ ಮಾಡುವವರ ಮಕ್ಕಳು ಯಾವ ಕಡೆ ಇರುತ್ತಾರೆ ಎಂದು ನಾನು ಹೇಳಬೇಕಿಲ್ಲ. ಎ ಜೊತೆ ಸಿ ಇರಲಿ, ಬಿ ಜೊತೆ ಡಿ ಇರಲಿ. ನಿಮ್ಮಲ್ಲಿ ಶಿಕ್ಷಕರು ಈಗಲೂ ಎರಡೂ ಮಾಧ್ಯಮಕ್ಕೆ ಪಾಠ ಮಾಡುತ್ತಿದ್ದೀರಲ್ಲ.

ಕಷ್ಟ ಇರುವುದು ಕೂತು ಮಾತಾಡುವ ಹೊತ್ತು ಹೊಂದಿಸುವುದರಲ್ಲಿ. ಹಾಜರಿ, ಬಿಸಿಯೂಟದ ಲೆಕ್ಕ, ಕಂಪ್ಯೂಟರಿಗೆ ಮಾಹಿತಿ ತುಂಬುವುದು ಇದರಲ್ಲೇ ದಿನ ಮುಗಿಯುತ್ತದೆ ಎಂದು ನೀವು ಬರೆದ ಸಾಲನ್ನು ಎರಡು ಸಲ ಓದಿದೆ. ವಾರಕ್ಕೆ ಒಂದೇ ಒಂದು ಪೀರಿಯಡ್, ಶನಿವಾರದ ಕೊನೆಯದಾದರೂ ಸರಿ, ಒಂದು ತಂಡದ ಆರು ಶಿಕ್ಷಕರಿಗೂ ಬಿಡುವು ಸಿಗುವ ಹಾಗೆ ಹೊಂದಿಸಲು ಆಗುತ್ತದಾ ನೋಡಿ. ಆ ಹೊತ್ತಿನಲ್ಲಿ ಮಕ್ಕಳ ವಿಷಯ ಬಿಟ್ಟು ಬೇರೆ ಯಾವುದೂ ಬೇಡ.

ಜೂನ್‌ನಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ ಇದೆ ಎಂದಿದ್ದೀರಿ. ಅಷ್ಟರಲ್ಲಿ ನಿಮ್ಮ ಹೆಡ್‌ಮಾಸ್ಟರರ ಹತ್ತಿರ ಕೂತು ಟೈಮ್‌ಟೇಬಲನ್ನು ಒಮ್ಮೆ ಪೆನ್ಸಿಲ್‌ನಲ್ಲಿ ಹಾಕಿ ನೋಡಿ. ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಬರೆಯಿರಿ. ಅದನ್ನು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ, ಬೇರೆ ಊರಿನ ಮೇಷ್ಟ್ರುಗಳೂ ನೋಡಲಿ.

ನಿಮ್ಮ,
ಸಂಪಾದಕ