‘ಕಾಸರಗೋಡು’ ಯಾಕೆ ‘ಕಾಸರಗೋ’ ಆಯಿತು?

ಪ್ರಶ್ನೆ: ಬದಿಯಡ್ಕದ ನಮ್ಮ ವಾಚನಾಲಯದ ಸದಸ್ಯರ ಪಟ್ಟಿಗಾಗಿ ಪೈಥಾನ್‌ನಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದಿದ್ದೇನೆ. ಹೆಸರುಗಳು ಕನ್ನಡದಲ್ಲೂ ಮಲಯಾಳದಲ್ಲೂ ಇವೆ. ಊರಿನ ಹೆಸರಿಗೆ 20 ಬೈಟ್ ಜಾಗ ಇಟ್ಟಿದ್ದೆ. ಐದಕ್ಷರದ ‘ಕಾಸರಗೋಡು’ ಹಾಕಿದರೆ ಫೈಲಿನಲ್ಲಿ ‘ಕಾಸರಗೋ’ ಅಂತ ಬಂದು, ಪಕ್ಕದಲ್ಲಿ ಪ್ರಶ್ನೆ ಗುರುತಿರುವ ಕಪ್ಪು ಡೈಮಂಡ್ ಕಾಣುತ್ತದೆ. ಎಕ್ಸೆಲ್‌ನಲ್ಲಿ ತೆರೆದರೆ ಇಡೀ ಪಟ್ಟಿಯೇ ವಿಚಿತ್ರ ಗುರುತುಗಳು. ಇದು ಫಾಂಟ್ ಸಮಸ್ಯೆಯೇ?

ಉತ್ತರ: ಅಲ್ಲ. ಫಾಂಟ್ ಬದಲಾಯಿಸುತ್ತಾ ಸುಮ್ನೆ ಹೊತ್ತು ಕಳೆಯಬೇಡಿ.

ಕಣ್ಣಿಗೆ ಐದಕ್ಷರ, ನಿಜ. ಎಲ್ಲ ಲಿಪಿಗಳ ಒಂದೊಂದು ಗುರುತಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಎಂಟು: ಕ, ಅದರ ದೀರ್ಘ, ಸ, ರ, ಗ, ಓಕಾರದ ಗುರುತು, ಡ, ಕೊಂಬು. ಆ ಸಂಖ್ಯೆಗಳನ್ನು ಫೈಲಿನಲ್ಲಿ ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ್ದಕ್ಕೆ 3 ಬೇಕು. ಒಟ್ಟು 24 ಆಯಿತು. ನೀವು ಕೊಟ್ಟದ್ದು 20. ‘ಕಾಸರಗೋ’ ತನಕ 18 ಮುಗಿಯಿತು, ಉಳಿದ ಎರಡರಲ್ಲಿ ‘ಡ’ ಹಿಡಿಸಲಿಲ್ಲ. ತುಂಡಾದ ಆ ‘ಡ’ವೇ ಕಪ್ಪು ಡೈಮಂಡ್. ಬೈಟ್ ಬದಲು ಯೂನಿಕೋಡ್ ಲೆಕ್ಕದಲ್ಲಿ ಕತ್ತರಿಸಿದರೂ ಕೊಂಬು ಬಿಟ್ಟುಹೋಗಿ ‘ಕಾಸರಗೋಡ’ ಆದೀತು. ಹಾಗಾಗಿ ಕತ್ತರಿಸುವುದೇ ಬೇಡ, ಜಾಗ ಜಾಸ್ತಿ ಕೊಡಿ. ಗಡಿನಾಡಿನಲ್ಲಿ ಊರಿನ ಹೆಸರು ಕನ್ನಡದಲ್ಲಿ ಪೂರ್ತಿಯಾಗಿ ಉಳಿಯುವುದು ಸಣ್ಣ ಮಾತಲ್ಲ.

ಇನ್ನು ಎಕ್ಸೆಲ್. ‘ಕ’ ಅಂದರೆ ಫೈಲಿನಲ್ಲಿ 224, 178, 149 ಎಂಬ ಮೂರು ಬೈಟ್. ಇದು ಯುಟಿಎಫ್-8 ಅಂತ ಗೊತ್ತಾಗದಿದ್ದರೆ ಎಕ್ಸೆಲ್ ಒಂದೊಂದು ಬೈಟನ್ನೂ ಒಂದೊಂದು ಯುರೋಪಿಯನ್ ಅಕ್ಷರ ಅಂತ ಓದುತ್ತದೆ. ತಲೆ ಮೇಲೆ ಓರೆಗೆರೆ ಇರುವ ‘ಎ’, ಮೇಲಕ್ಕೆ ಏರಿದ ಪುಟ್ಟ 2, ಆಮೇಲೆ ಒಂದು ದಪ್ಪ ಚುಕ್ಕೆ. ನೀವು ಕಂಡದ್ದು ಇದನ್ನೇ ಅಲ್ವಾ? ಮಲಯಾಳದ ‘ಕ’ 224, 180, 149. ನಡುವಿನ ಅಂಕಿ ಮಾತ್ರ ಬೇರೆ! ಭಾರತೀಯ ಲಿಪಿಗಳಿಗೆ ಮೊದಲೇ ಇದ್ದ ಇಸ್ಕಿ ಸಂಕೇತದ ಅಕ್ಷರ ಕ್ರಮವನ್ನೇ ಯೂನಿಕೋಡ್ ಎರಡೂ ಲಿಪಿಗೆ ಅನುಸರಿಸಿದ್ದರಿಂದ ಹೀಗೆ. ಎರಡು ಭಾಷೆಯೂ ಒಂದೇ ಫೈಲಿನಲ್ಲಿ ಆರಾಮವಾಗಿ ಇರಬಹುದು, ಆ ಚಿಂತೆ ಬೇಡ.

ಪೈಥಾನ್‌ನಲ್ಲಿ ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಟ್ಟಿಯ ಫೈಲ್) ಬರೆಯುವಾಗ ಎನ್‌ಕೋಡಿಂಗ್ ಜಾಗದಲ್ಲಿ ‘ಯುಟಿಎಫ್-8-ಸಿಗ್’ (utf-8-sig) ಕೊಡಿ. ಅದು ಫೈಲಿನ ಮೊದಲಿಗೆ 3 ಬೈಟಿನ ಗುರುತು ಹಾಕುತ್ತದೆ, ಎಕ್ಸೆಲ್‌ಗೆ ಅಷ್ಟು ಸಾಕು. ಈಗಾಗಲೇ ಇರುವ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಎಕ್ಸೆಲ್‌ನ ಡೇಟಾ ಮೆನುವಿನಿಂದ ಒಳತಂದು, 65001 ಯುಟಿಎಫ್-8 ಆರಿಸಿ.

ವಿಚಿತ್ರ ಗುರುತು ಕಂಡಾಗ ಮಾತ್ರ ದಯವಿಟ್ಟು ಸೇವ್ ಒತ್ತಬೇಡಿ. ಸೇವ್ ಮಾಡುವ ತನಕ ಬೈಟ್‌ಗಳೆಲ್ಲ ಫೈಲಿನಲ್ಲಿ ಹಾಗೇ ಇರುತ್ತವೆ, ಓದಿದ ರೀತಿ ಮಾತ್ರ ತಪ್ಪು. ಅಕ್ಷರದ ಜಾಗದಲ್ಲಿ ಬರೀ ಪ್ರಶ್ನೆ ಗುರುತುಗಳ ಸಾಲು ಸೇವ್ ಆಗಿದ್ದರೆ ಮೂಲ ಹೋಯಿತು ಅಂತಲೇ ಲೆಕ್ಕ. ಆ ಹೆಸರುಗಳನ್ನು ವಾಚನಾಲಯದ ರಿಜಿಸ್ಟರ್ ನೋಡಿಕೊಂಡು ಮತ್ತೆ ಟೈಪ್ ಮಾಡಬೇಕಾಗುತ್ತದೆ.